ಗಂಟಣ್ಣನ ಹದಿನೇಳು ಪ್ರಶ್ನೆಗಳು

ಮನೆ ಸಾಮಾನು ಸಾಗಿಸುವ ಕಂಪನಿಯವರು ಫೋನೆತ್ತಿದ ಕೂಡಲೇ ಆಡುವ ಮೊದಲ ಮಾತು, "ಸರ್, ನೀವೇನೂ ಚಿಂತೆ ಮಾಡ್ಬೇಡಿ." ಗಂಟಣ್ಣನಿಗೆ ಪಿತ್ತ ನೆತ್ತಿಗೇರಲು ಅಷ್ಟು ಸಾಕು. ಇಪ್ಪತ್ತೊಂಬತ್ತು ವರ್ಷ ಕಂಡವರ ಮನೆಗಳನ್ನು ಕಟ್ಟಿ, ಹೊತ್ತು, ಬಿಚ್ಚಿಟ್ಟ ಮನುಷ್ಯ ಅವನು. ಆ ಕಸುಬಿನಲ್ಲಿ ಅರ್ಧ ಕೆಲಸವೇ ಚಿಂತೆ ಮಾಡುವುದು. ಉಳಿದರ್ಧ ಮಾತ್ರ ಹೊರುವುದು. "ಚಿಂತೆ ನಾನು ಮಾಡ್ಕೋತೀನಿ ಕಣಯ್ಯಾ, ಲಾರಿ ಯಾರದು ಅಂತ ಹೇಳು" ಎಂದು ಅವನು ಕೇಳಿದರೆ, ಆ ಕಡೆಯಿಂದ ಉತ್ತರದ ಬದಲು ಸಂಗೀತ ಕೇಳಿಬರುತ್ತಿತ್ತು.

ಆ ಅಡ್ಡಹೆಸರು ಅವನಿಗೆ ಬಂದದ್ದು ಹಗ್ಗಕ್ಕೆ ಹಾಕುತ್ತಿದ್ದ ಗಂಟಿನಿಂದಲೋ, ಹುಬ್ಬಿಗೆ ಹಾಕಿಕೊಳ್ಳುತ್ತಿದ್ದ ಗಂಟಿನಿಂದಲೋ ಎಂಬ ವಿಷಯದಲ್ಲಿ ಲಾರಿ ಶೆಡ್ಡಿನಲ್ಲಿ ಎರಡು ಪಂಗಡಗಳಿದ್ದವು. ಇಪ್ಪತ್ತೆರಡನೆಯ ವಯಸ್ಸಿಗೆ ಹಮಾಲಿಯಾಗಿ ಸೇರಿದವನು ಮೂರೇ ವರ್ಷದಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಏರಿದ. ಅಲ್ಲಿನ ಹಳೆಯ ಮೇಸ್ತ್ರಿಯದು ಒಂದೇ ಕಟ್ಟಳೆ. ಪೆಟ್ಟಿಗೆ ಕಟ್ಟಿದವನೇ ಅದನ್ನು ಬಿಚ್ಚಬೇಕು. ಅದಕ್ಕಾಗಿ ಲಾರಿಯ ಜೊತೆಗೇ ಹೋಗಬೇಕು, ದಾರಿ ಎರಡು ದಿನದ್ದಾಗಲಿ ನಾಲ್ಕು ದಿನದ್ದಾಗಲಿ. ಕೊನೆಗೆ ತಾನೇ ಬಿಚ್ಚಬೇಕೆಂದು ಗೊತ್ತಿದ್ದರೆ ಎಂಥ ಸೋಮಾರಿಯೂ ತಟ್ಟೆಗಳ ನಡುವೆ ಕಾಗದ ಇಡಲು ಜಿಪುಣತನ ಮಾಡುವುದಿಲ್ಲ ಎಂಬುದು ಮೇಸ್ತ್ರಿಯ ಲೆಕ್ಕಾಚಾರ. ಗಂಟಣ್ಣ ಇದರ ಮೇಲೆ ತನ್ನದೂ ಒಂದನ್ನು ಸೇರಿಸಿದ. ಅವನ ಜೇಬಿನಲ್ಲಿ ಯಾವಾಗಲೂ ಒಂದು ಹುರಿ, ಅದರಲ್ಲಿ ಗೇಣಿಗೊಂದು ಗಂಟು. ಮನೆ ಬಿಚ್ಚುವ ಮೊದಲು ಮಂಚದಿಂದ ಗೋಡೆಗೆ ಎಷ್ಟು ಗಂಟು, ಒಲೆಯಿಂದ ತೊಟ್ಟಿಗೆ ಎಷ್ಟು ಗಂಟು ಎಂದು ಅಳೆದು ಬರೆದುಕೊಂಡು, ಹೊಸ ಮನೆಯಲ್ಲೂ ಸಾಮಾನನ್ನು ಹಾಗೆಯೇ ನಿಲ್ಲಿಸಿ ಕೊಡುತ್ತಿದ್ದ. ಮನೆಯವರು ಒಳಗೆ ಬಂದು ಬಾಯಿ ಬಿಟ್ಟುಕೊಂಡು ನಿಲ್ಲುವುದನ್ನು ನೋಡುವ ಚಪಲಕ್ಕೇ ಬಾಗಿಲ ಬಳಿ ಒಂದೆರಡು ನಿಮಿಷ ಹೆಚ್ಚು ತಡೆಯುತ್ತಿದ್ದ. ಬೆನ್ನುಮೂಳೆ ಮುನಿಸಿಕೊಂಡು ಕೆಲಸ ಬಿಡಿಸುವವರೆಗೂ ಅವನಿಗೆ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಸುಖ ಬೇಕೆನಿಸಿರಲಿಲ್ಲ.

ಅವನ ಹೆಂಡತಿ ಔಷಧಿ ಅಂಗಡಿಯಲ್ಲಿದ್ದವಳು. ಡಾಕ್ಟರುಗಳ ಕಾಗೆ ಕಾಲು ಗುಬ್ಬಿ ಕಾಲಿನ ಬರಹವನ್ನು ಬೀದಿಗೆ ಬೀದಿಯೇ ಅವಳಿಂದ ಓದಿಸಿಕೊಳ್ಳುತ್ತಿತ್ತು. ಅಂಥ ಕಣ್ಣುಗಳು ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಒಂದೇ ವರ್ಷದೊಳಗೆ, ಪೂರ್ತಿ ಕೈಕೊಟ್ಟವು. ಆ ಮೊದಲ ತಿಂಗಳುಗಳಲ್ಲಿ ಒಂದು ದಿನ ಗಂಟಣ್ಣ ಒಲೆ ಒರೆಸಬೇಕೆಂದು ಕುದಿನೀರಿನ ಪಾತ್ರೆಯನ್ನು ಕಟ್ಟೆಯ ಮೇಲೆ ಒಂದು ಗೇಣು ಈಚೆಗೆ ಇಟ್ಟ. ಅವಳಿಗೆ ಹೇಳಲಿಲ್ಲ. ಅವಳ ಬಲ ಮುಂಗೈ ಪೂರ್ತಿ ಸುಟ್ಟಿತು. ಅವಳು ಎರಡು ವಾರದಲ್ಲಿ ಅದನ್ನು ಮರೆತು ಎಡಗೈಯಲ್ಲಿ ಕೆಲಸ ಶುರು ಮಾಡಿದಳು. ಅವನು ಮಾತ್ರ ಮರೆಯಲಿಲ್ಲ. ಅಂದಿನಿಂದ ಆರು ವರ್ಷ ಆ ಮನೆಯಲ್ಲಿ ಒಂದು ಚಮಚವೂ ಜಾಗ ಬಿಟ್ಟು ಕದಲಲಿಲ್ಲ. ಬಂದ ನೆಂಟರು ಕುರ್ಚಿ ಎಳೆದುಕೊಂಡರೆ, ಅವರು ಏಳುವುದನ್ನೇ ಕಾದಿದ್ದು ಅವರ ಕಣ್ಣೆದುರಿಗೇ ಹುರಿ ಹಿಡಿದು ಅಳೆದು ಹಿಂದಕ್ಕೆ ಇಡುತ್ತಿದ್ದ. ನೆಂಟರು ಬರುವುದೂ ಕಡಿಮೆಯಾಯಿತು.

ಹೀಗಿರುವಾಗ ಅವಳಿಗೆ ಕೆಲಸದ ಕಾಗದ ಬಂತು. ಹೊಸದಾಗಿ ದೃಷ್ಟಿ ಕಳೆದುಕೊಂಡವರಿಗೆ ಅಡುಗೆ, ಒಪ್ಪ ಓರಣ, ಮನೆವಾರ್ತೆ ಕಲಿಸುವ ತರಬೇತಿ ಕೇಂದ್ರವೊಂದು ಸಾವಿರದ ನೂರು ಕಿಲೋಮೀಟರ್ ದೂರದ ಊರಿನಲ್ಲಿತ್ತು. ಅಲ್ಲಿ ಶಿಕ್ಷಕಿಯ ಹುದ್ದೆ, ಇರಲು ಎರಡನೆಯ ಮಹಡಿಯಲ್ಲಿ ವಸತಿ, ಸಾಮಾನು ಸಾಗಿಸುವ ಖರ್ಚೂ ಕೇಂದ್ರದ್ದೇ. ಗಂಟಣ್ಣ ಆ ಕಾಗದವನ್ನು ನಾಲ್ಕು ಸಲ ಓದಿ ಹೇಳಿದ. ಮರುದಿನದಿಂದ ಅವಳನ್ನು ಟೀಚರಮ್ಮ ಎಂದೇ ಕರೆಯತೊಡಗಿದ. ಖುಷಿಯೇನೋ ಖುಷಿಯೇ. ಆದರೆ ಅದರ ಬೆನ್ನಿಗೇ ಒಂದು ಭಯವೂ ಬಂತು. ಗೊತ್ತಿಲ್ಲದ ಊರು, ಗೊತ್ತಿಲ್ಲದ ಗೋಡೆ. ಇವಳು ಮತ್ತೆ ಮೊದಲಿನಿಂದ ತಡವರಿಸಿ, ಮತ್ತೆ ಕೈ ಸುಟ್ಟುಕೊಳ್ಳಬೇಕೇ? ಆಗಕೂಡದು. ಈ ಮನೆ ಹೇಗಿದೆಯೋ ಹಾಗೆಯೇ ಅಲ್ಲಿ ಎದ್ದು ನಿಲ್ಲಬೇಕು. ಅದು ಆಗಬೇಕಾದರೆ ಇಲ್ಲಿ ಕಟ್ಟಿದ ಕೈಗಳೇ ಅಲ್ಲಿ ಬಿಚ್ಚಬೇಕು. ಅಂಥ ಕಂಪನಿ ಯಾವುದು?

ಅವನು ಹಳೆಯ ನೋಟ್‌ಬುಕ್ಕಿನಲ್ಲಿ ಹದಿನೇಳು ಪ್ರಶ್ನೆಗಳನ್ನು ಬರೆದುಕೊಂಡ. ಲಾರಿ ನಿಮ್ಮದೋ, ಬಾಡಿಗೆಯದೋ? ದಾರಿಯಲ್ಲಿ ಗೋಡೌನಿನಲ್ಲಿ ಇಳಿಸಿ ಬೇರೆ ಲಾರಿಗೆ ತುಂಬುತ್ತೀರಾ? ನಮ್ಮ ಸಾಮಾನಿನ ಜೊತೆ ಬೇರೆಯವರದ್ದೂ ಬರುತ್ತದೆಯೇ? ಇಲ್ಲಿ ಕಟ್ಟುವವರ ಹೆಸರೇನು, ಅಲ್ಲಿ ಬಿಚ್ಚುವವರ ಹೆಸರೇನು, ಎರಡೂ ಒಂದೇಯೋ? ಒಡೆದರೆ ಯಾರನ್ನು ಕೇಳಬೇಕು, ಆ ಮನುಷ್ಯನ ಸ್ವಂತ ನಂಬರು ಎಷ್ಟು? ಮೊದಲ ಕಂಪನಿಯ ಹುಡುಗಿ ಮೂರನೆಯ ಪ್ರಶ್ನೆಗೇ ಸುಸ್ತಾಗಿ, "ಸರ್, ಮೊದಲು ಬುಕ್ ಮಾಡಿ, ಡೀಟೇಲ್ಸ್ ಆಮೇಲೆ ಬರುತ್ತೆ" ಎಂದಳು. "ಮದುವೆ ಆಗಿ, ಗಂಡನ್ನ ಆಮೇಲೆ ತೋರಿಸ್ತೀವಿ ಅಂದ ಹಾಗಾಯ್ತು" ಎಂದು ಅವನು ಫೋನಿಟ್ಟ.

ಎದುರುಮನೆಯಲ್ಲಿ ಬ್ಯಾಂಕಿನವರೊಬ್ಬರಿದ್ದರು, ಲೋಕದ ಸಕಲ ಸಮಸ್ಯೆಗೂ ಮೊಬೈಲಿನಲ್ಲಿ ಪರಿಹಾರ ಕಂಡುಕೊಂಡವರು. ಅವರು ಐದಕ್ಕೆ ನಾಲ್ಕೂ ಮುಕ್ಕಾಲು ನಕ್ಷತ್ರ ಪಡೆದ ಕಂಪನಿಯೊಂದನ್ನು ತೆಗೆದು ತೋರಿಸಿದರು. ಗಂಟಣ್ಣ ಕನ್ನಡಕ ಏರಿಸಿ ಒಂದೊಂದೇ ಅಭಿಪ್ರಾಯ ಓದಿದ. ಇನ್ನೂರು ಜನ, ಎಲ್ಲರೂ ಒಂದೇ ವಾರದಲ್ಲಿ, ಎಲ್ಲರೂ "ತುಂಬಾ ಒಳ್ಳೆಯ ಸೇವೆ" ಎಂದೇ ಬರೆದಿದ್ದರು. "ಅಲ್ಲಾ ಸ್ವಾಮಿ, ಮನೆ ಬದಲಾಯಿಸಿದವನಿಗೆ ಆ ವಾರ ಹಲ್ಲುಜ್ಜೋ ಬ್ರಶ್ ಯಾವ ಪೆಟ್ಟಿಗೇಲಿದೆ ಅಂತ ಗೊತ್ತಿರಲ್ಲ. ನಕ್ಷತ್ರ ಎಣಿಸೋಕೆ ಪುರುಸೊತ್ತೆಲ್ಲಿ?" ಎಂದ. ಆದರೂ ಅವರ ಮಾತಿಗೆ ಬೆಲೆ ಕೊಟ್ಟು ಆ ಕಂಪನಿಗೂ ಫೋನು ಮಾಡಿದ. ಅವರು ಮನೆ ನೋಡಲು ಬರುವುದೇ ಇಲ್ಲವಂತೆ. ಮೊಬೈಲು ಹಿಡಿದು ಮನೆಯ ತುಂಬ ಒಂದು ಸುತ್ತು ಹಾಕಿದರೆ ಅಲ್ಲಿಂದಲೇ ನೋಡಿ ಪಟ್ಟಿ ಮಾಡುವರಂತೆ.

"ಈ ಕಪಾಟು ಎಷ್ಟು ಭಾರ ಅಂತ ನಿನ್ನ ಮೊಬೈಲಿಗೆ ಗೊತ್ತಾಗುತ್ತೇನಯ್ಯಾ?"

"ಆಗುತ್ತೆ ಸರ್, ಎಲ್ಲಾ ಸಿಸ್ಟಮ್ಮಲ್ಲಿದೆ. ಸ್ವಲ್ಪ ಅಡುಗೆಮನೆ ತೋರಿಸಿ. ಹಾಂ. ಸರ್, ಮೇಡಂನ ಸ್ವಲ್ಪ ಪಕ್ಕಕ್ಕೆ ಸರಿಸ್ತೀರಾ? ಹಿಂದೆ ಫ್ರಿಜ್ ಕಾಣ್ತಿಲ್ಲ."

ಗಂಟಣ್ಣನ ಮೈಯೆಲ್ಲ ಉರಿದುಹೋಯಿತು. ಅವನು ಆಡಿದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ. ಹೆಂಡತಿ ಮಾತ್ರ ಪಾತ್ರೆ ತೊಳೆಯುತ್ತಲೇ ನಕ್ಕಳು. "ಬಿಡಿ, ನನ್ನನ್ನೂ ಸಾಮಾನಿನ ಪಟ್ಟಿಗೆ ಸೇರಿಸಿಬಿಟ್ಟ. ತೂಕ ಎಷ್ಟು ಅಂತ ಬರ್ಕೊಂಡ್ನೋ ಏನೋ."

ಮೂರನೆಯದು ಅವನೇ ದುಡಿದ ಕಂಪನಿ. ಅಲ್ಲಿಗೆ ಫೋನು ಮಾಡಲಿಲ್ಲ. ತೊಳೆದ ಅಂಗಿ ತೊಟ್ಟು ನಡೆದೇ ಹೋದ. ಹದಿನೆಂಟು ಲಾರಿ ನಿಲ್ಲುತ್ತಿದ್ದ ಶೆಡ್ಡಿನಲ್ಲಿ ಈಗ ಒಂದೂ ಇರಲಿಲ್ಲ. ಟಾರ್ಪಾಲು, ಗೋಣಿತಾಟು, ಹಗ್ಗದ ಸುರುಳಿ ಪೇರಿಸುತ್ತಿದ್ದ ಮೂಲೆಯಲ್ಲಿ ಸಾಲು ಮೇಜು ಹಾಕಿ, ಕಿವಿಗೆ ತಂತಿ ಸಿಕ್ಕಿಸಿಕೊಂಡ ಇಪ್ಪತ್ತು ಜನ ಒಟ್ಟಿಗೇ ಮಾತಾಡುತ್ತಿದ್ದರು. ಎಲ್ಲರ ಬಾಯಲ್ಲೂ ಅದೇ ಮಾತು, ಚಿಂತೆ ಮಾಡ್ಬೇಡಿ. ಹಳೆಯ ಮಾಲೀಕರ ಮಗ ಎದ್ದು ಬಂದು ಪ್ರೀತಿಯಿಂದಲೇ ಕೂರಿಸಿದ.

"ಗಂಟಣ್ಣಾ, ನಿಮ್ಮ ಸಾಮಾನು ಅಂದ್ರೆ ನಮ್ಮ ಸಾಮಾನು. ಫಸ್ಟ್ ಕ್ಲಾಸಾಗಿ ಕಳಿಸಿಕೊಡ್ತೀನಿ."

"ಯಾವ ಲಾರೀಲಿ?"

"ಲಾರಿ ಈಗ ನಾವು ಇಟ್ಕೊಂಡಿಲ್ಲ. ಬುಕಿಂಗ್ ನಮ್ದು, ಸಾಗಣೆ ಹೊರಗಿನವರದು. ಎಲ್ಲಾ ಕಡೆ ಹೀಗೇ ಈಗ."

"ಮತ್ತೆ ಯಾರು ಕಟ್ತಾರೆ?"

"ಅವರ ಕಡೆಯವರು."

"ಅವರ ಕಡೆಯವರು ಅಂದ್ರೆ?"

"ಅವರು ಯಾರಿಗೆ ಕೊಡ್ತಾರೋ ಅವರು."

ಗಂಟಣ್ಣ ನೋಟ್‌ಬುಕ್ಕು ಮುಚ್ಚಿದ. ಒಬ್ಬನ ಮನೆ ಪೂರ್ತಿಯಾಗಿ ಯಾರದೋ ಕೈಗೆ, ಅವನಿಂದ ಇನ್ಯಾರದೋ ಕೈಗೆ ಹೋಗುತ್ತದೆ, ಎಲ್ಲರೂ ನಡುವೆ ಕೈತೊಳೆದುಕೊಳ್ಳುತ್ತಾರೆ, ಒಡೆದ ಚೂರು ಮಾತ್ರ ಮನೆಯವನ ಪಾಲು. ಇದನ್ನು ವ್ಯಾಪಾರ ಎನ್ನುತ್ತಾರೆ! "ನಿಮ್ಮಪ್ಪ ಇದ್ದಿದ್ರೆ ನಿನ್ನನ್ನ ಈ ಮೇಜಿನ ಸಮೇತ ಪ್ಯಾಕ್ ಮಾಡಿ ಕಳಿಸ್ತಿದ್ರು" ಎಂದು ಹೇಳಿ ಎದ್ದ. ಜೀವಮಾನ ಸವೆಸಿದ ಜಾಗದಲ್ಲಿ ತನ್ನ ಕಸುಬು ತಿಳಿದ ಒಂದು ನರಪಿಳ್ಳೆಯೂ ಉಳಿದಿಲ್ಲವೆಂದು ಅವನಿಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು.

ಗಂಟಣ್ಣ ಫೋನು ಮಾಡಿದ ಮರುದಿನವೇ ನಾಲ್ಕನೆಯ ಕಂಪನಿಯವಳು ಮನೆ ನೋಡಲು ತಾನೇ ಬಂದಳು. ಐದು ಲಾರಿಗಳ ಒಡತಿ, ಐವತ್ತರ ಹೆಂಗಸು, ಅಪ್ಪನ ನಂತರ ತಾನೇ ನಡೆಸುತ್ತಿದ್ದಳು. ಕಸುಬಿನವರ ನಡುವೆ ಲಾರಿಯಮ್ಮ ಎಂದೇ ಹೆಸರು. ಟೇಪು, ಟಾರ್ಚು ಹಿಡಿದು ಬಂದವಳು ನೆಟ್ಟಗೆ ಕಪಾಟಿನ ಹಿಂದಕ್ಕೆ ತಲೆ ಹಾಕಿದಳು. ಬೆರಳಿನಿಂದ ತಟ್ಟಿದಳು, ಬಾಗಿಲನ್ನು ಅಳೆದಳು, ಮತ್ತೆ ಕಪಾಟನ್ನು ಅಳೆದಳು.

"ಅಣ್ಣಾ, ಇದನ್ನ ಒಳಗೆ ಹೇಗೆ ತಂದ್ರಿ? ಈ ಬಾಗಿಲಲ್ಲಿ ಹೊರಗೆ ಹೋಗಲ್ಲ ಇದು."

ಗಂಟಣ್ಣ ಕೆಮ್ಮಿದ. ಆ ಕಪಾಟನ್ನು ಕೋಣೆಯೊಳಗೇ ಕೂತು ಹಲಗೆಗೆ ಹಲಗೆ ಸೇರಿಸಿ ಮಾಡಿದವನು ಅವನೇ. ಇಪ್ಪತ್ತೊಂಬತ್ತು ವರ್ಷ ಕಂಡವರ ಕಪಾಟು ಹೊರಗೆ ತಂದವನು ತನ್ನದಕ್ಕೆ ಬಾಗಿಲಿನ ಅಳತೆ ನೋಡಿರಲಿಲ್ಲ. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು.

ಲಾರಿಯಮ್ಮ ಹದಿನೇಳು ಪ್ರಶ್ನೆಗೂ ನಿಂತು ಉತ್ತರಿಸಿದಳು. ಅದರಲ್ಲಿ ಆರು ಉತ್ತರ 'ಆಗಲ್ಲ' ಎಂಬುದೇ. ಗುರುವಾರ ಮುಟ್ಟಿಸಲು ಆಗಲ್ಲ, ಶುಕ್ರವಾರ. ಮೂರಕ್ಕಿಂತ ಹೆಚ್ಚು ಜನ ಕೊಡಲು ಆಗಲ್ಲ. ಗ್ಯಾಸ್ ಸಿಲಿಂಡರು ಲಾರಿಯಲ್ಲಿ ತರಲು ಆಗಲ್ಲ. ಆದರೆ ಲಾರಿ ನಡುವೆ ಎಲ್ಲೂ ಬದಲಾಗುವುದಿಲ್ಲ, ಚಾಲಕ ಮತ್ತು ಇಬ್ಬರು ಇಲ್ಲಿಂದ ಅಲ್ಲಿಯವರೆಗೆ ಅವರೇ, ಹೆಸರು ಮತ್ತು ಲಾರಿ ನಂಬರು ಈಗಲೇ ಬರೆದು ಕೊಡುತ್ತೇನೆ ಎಂದಳು. ಗಂಟಣ್ಣನಿಗೆ ಮೇಸ್ತ್ರಿಯೇ ಎದ್ದು ಬಂದಷ್ಟು ಸಂತೋಷವಾಯಿತು. ಆಮೇಲೆ ಅವಳು ಅವನ ಹೆಂಡತಿಯ ಕಡೆಗೆ ತಿರುಗಿದಳು. ಅಲ್ಲಿಯವರೆಗೆ ಒಂದು ಕಂಪನಿಯವರೂ ಅವಳ ಜೊತೆ ಒಂದು ಮಾತು ಆಡಿರಲಿಲ್ಲ.

"ಅಕ್ಕಾ, ಬುಕಿಂಗ್ ನಿಮ್ಮ ಹೆಸರಿಗೆ ಅಲ್ವಾ? ಅಲ್ಲಿ ಇಳಿಸಿದ ಮೇಲೆ ನೀವು ನೋಡಿ ಸರಿ ಅಂದು ಸಹಿ ಹಾಕಿದ್ರೇನೇ ನಮ್ಮವರು ಹೊರಡೋದು. ಯಾವುದನ್ನ ಎಲ್ಲಿ ಇಡಬೇಕು ಅಂತ ನೀವು ಹೇಳ್ತೀರಾ?"

ಹೆಂಡತಿ ಬಾಯಿ ತೆರೆಯುವಷ್ಟರಲ್ಲಿ ಗಂಟಣ್ಣ ನಡುವೆ ಹಾರಿದ. "ಅದೆಲ್ಲ ನಂದು, ನಾನು ನೋಡ್ಕೋತೀನಿ." ತೆರೆದ ಬಾಯಿ ಹಾಗೇ ಮುಚ್ಚಿತು. ಲಾರಿಯಮ್ಮ ಹೋದ ಮೇಲೆ, "ಇವರೇ ಇರಲಿ" ಎಂದಷ್ಟೇ ಹೆಂಡತಿ ಹೇಳಿದಳು. ತನ್ನ ಪ್ರಶ್ನೆಗಳಿಂದಲೇ ಒಳ್ಳೆಯ ಕಂಪನಿ ಸಿಕ್ಕಿತೆಂದು ಗಂಟಣ್ಣ ಹಿಗ್ಗಿದ.

ಹೆಂಡತಿಯನ್ನು ಅವಳ ತಂಗಿಯ ಮನೆಯಲ್ಲಿ ಬಿಟ್ಟು, ಶನಿವಾರ ಬೆಳಿಗ್ಗೆ ತಲುಪುವ ರೈಲಿಗೆ ಅವರಿಬ್ಬರಿಗೂ ಟಿಕೆಟ್ಟು ಮಾಡಿಸಿ, ಗಂಟಣ್ಣ ಲಾರಿಯಲ್ಲೇ ಹೊರಟ. ಹೊರಡುವ ಮುಂಚೆ ಮನೆಯ ಮೂಲೆ ಮೂಲೆಯನ್ನೂ ಗಂಟಿನ ಹುರಿಯಿಂದ ಅಳೆದು ಹನ್ನೊಂದು ಪುಟ ತುಂಬಿಸಿದ್ದ. ಕಪಾಟನ್ನು ತನ್ನ ಕೈಯಾರೆ ಬಿಚ್ಚಿದ. ಲಾರಿಯಮ್ಮ ಕೊಟ್ಟ ಮಾತು ಕೂದಲೆಳೆಯಷ್ಟೂ ತಪ್ಪಲಿಲ್ಲ. ಅವಳು ಬರೆದುಕೊಟ್ಟ ಅದೇ ಚಾಲಕ, ಅದೇ ಇಬ್ಬರು ಆಳುಗಳು, ಒಬ್ಬ ದಪ್ಪ ಮೀಸೆಯವನು, ಇನ್ನೊಬ್ಬ ಎಡಚ. ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಲಾರಿ ವಸತಿಯ ಮುಂದೆ ನಿಂತಿತು. ಒಂದು ಲೋಟವೂ ಬಿರುಕು ಬಿಟ್ಟಿರಲಿಲ್ಲ.

ಹೊಸ ಅಡುಗೆಮನೆ ಮಾತ್ರ ಹಳೆಯದರ ಹಾಗಿರಲಿಲ್ಲ. ಬಾಗಿಲು ಬಲಗಡೆ ಇರಬೇಕಾದದ್ದು ಎಡಗಡೆ, ಕಟ್ಟೆ ಎರಡು ಗೇಣು ಉದ್ದ, ಪಾತ್ರೆಯ ರ್ಯಾಕು ನಿಲ್ಲಬೇಕಾದ ಗೋಡೆಯಲ್ಲಿ ದೊಡ್ಡದೊಂದು ಕಿಟಕಿ. ಗಂಟಣ್ಣ ಸೋಲುವವನೇ? ಕಟ್ಟೆಯ ಹೆಚ್ಚಿನ ಭಾಗಕ್ಕೆ ಅಡ್ಡ ಹಲಗೆ ನಿಲ್ಲಿಸಿ ಹಳೆಯ ಅಳತೆಗೆ ತಂದ. ಒಲೆಯನ್ನು ಉದ್ದದ ಪೈಪು ಹಾಕಿಸಿ ಹಳೆಯ ಜಾಗಕ್ಕೇ ಎಳೆದ. ಉಪ್ಪಿನ ಡಬ್ಬಿ ಒಲೆಯಿಂದ ಒಂದು ಗಂಟು ನಾಲ್ಕು ಬೆರಳು, ಸರಿಯಾಗಿ ಬಂತು. ರ್ಯಾಕನ್ನು ಎತ್ತಿ ನಿಲ್ಲಿಸುವಾಗ ಚಾಲಕ ತಡೆದ.

"ಅಣ್ಣಾ, ಕಿಟಕಿ ಪೂರ್ತಿ ಮುಚ್ಚಿ ಹೋಗುತ್ತಲ್ಲ?"

"ಅವಳಿಗೆ ಕಿಟಕಿ ಯಾತಕ್ಕಯ್ಯಾ?" ಎಂದ ಗಂಟಣ್ಣ. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಆದರೆ ಎಷ್ಟು ಕೆಟ್ಟ ಮಾತು ಎಂಬುದು ಆಡುವಾಗ ಅವನಿಗೆ ಹೊಳೆಯಲೇ ಇಲ್ಲ.

ಶನಿವಾರ ಬೆಳಿಗ್ಗೆ ತಂಗಿಯ ತೋಳು ಹಿಡಿದು ಅವಳು ಮೆಟ್ಟಿಲು ಹತ್ತಿ ಬಂದಳು. ಲಾರಿಯ ಮೂವರೂ ಸಹಿಗಾಗಿ ಕಾಗದ ಹಿಡಿದು ಕಾಯುತ್ತಿದ್ದರು. ಗಂಟಣ್ಣ ಬಾಗಿಲ ಬಳಿ ನಿಂತ. ಅವಳು ಕೈಕೋಲು ಮಡಿಚಿ, ಗೋಡೆ ಹಿಡಿದು ಒಳಗೆ ಬಂದಳು. ಕೈ ಮಂಚಕ್ಕೆ ಹೋಯಿತು, ಮಂಚ ಇತ್ತು. ಕಪಾಟಿಗೆ ಹೋಯಿತು, ಇತ್ತು. ಅಡುಗೆಮನೆಯಲ್ಲಿ ಒಲೆಯಿಂದ ಈಚೆಗೆ ಬೆರಳಾಡಿಸಿದಳು, ಉಪ್ಪಿನ ಡಬ್ಬಿ ಸಿಕ್ಕಿತು. ಅವಳ ಬೆರಳು ಅಲ್ಲೇ ನಿಂತವು. ಅಡ್ಡ ಹಲಗೆಯನ್ನು ಮುಟ್ಟಿದಳು, ಅದರ ಹಿಂದಕ್ಕೆ ಕೈ ತೂರಿಸಿ ನೋಡಿದಳು. ಗಂಟಣ್ಣ ನಗುಮುಖ ಮಾಡಿಕೊಂಡು ಕಾದೇ ಕಾದ.

"ಈ ಅಡುಗೆಮನೆಗೆ ಕಿಟಕಿ ಇಲ್ವಾ?" ಎಂದಳು.

"ಇದೆ. ರ್ಯಾಕಿನ ಹಿಂದೆ. ಅಲ್ಲಿ ರ್ಯಾಕು ಈ ಗೋಡೆಗೇ ಇತ್ತಲ್ಲ, ಅದಕ್ಕೆ..."

"ಮುಚ್ಚಿಬಿಟ್ರಿ."

"ನಿನಗೆ ಸುಲಭ ಆಗ್ಲಿ ಅಂತ ಕಣೇ."

"ಬೆಳಗಾಯ್ತು, ಹೊತ್ತಾಯ್ತು ಅಂತ ನನಗೆ ಹೇಗೆ ಗೊತ್ತಾಗುತ್ತೆ ಅಂತ ಯಾವತ್ತಾದ್ರೂ ಯೋಚ್ನೆ ಮಾಡಿದೀರಾ? ಬಿಸಿಲು ಕೆನ್ನೆಗೆ ಬಿದ್ರೆ ಗೊತ್ತಾಗುತ್ತೆ. ಬೀದೀಲಿ ಜನ ಓಡಾಡಿದ್ರೆ ಗೊತ್ತಾಗುತ್ತೆ. ಆ ಗೂಡಿನಂಥ ಅಡುಗೆಮನೇಲಿ ಆರು ವರ್ಷ ಗಾಳಿ ಇಲ್ದೆ ಬೆಂದೆ ರೀ ನಾನು. ಹೊಸ ಮನೇಲಿ ಕಿಟಕಿ ಇದೆಯಂತೆ ಅಂತ ಕೇಂದ್ರದವರು ಹೇಳಿದಾಗ ಎಷ್ಟು ಖುಷಿ ಪಟ್ಟಿದ್ದೆ!"

"ನನಗೆ ಹೇಳ್ಬಾರ್ದಿತ್ತಾ?"

"ಹೇಳೋಕೆ ಬಿಟ್ರೆ ತಾನೆ? ಕಂಡ ಕಂಡ ಕಂಪನಿಗೆಲ್ಲ ಹದಿನೇಳು ಪ್ರಶ್ನೆ ಕೇಳಿದ್ರಿ. ಮನೆ ಹೇಗಿರಬೇಕು ಅಂತ ನನ್ನನ್ನ ಒಂದು ಮಾತು ಕೇಳಿದ್ರಾ?"

ಮೂವರೂ ನೆಲ ನೋಡಿದರು. ಗಂಟಣ್ಣ ಅವಳ ಬಲ ಮುಂಗೈಯ ಕಡೆ ನೋಡಿದ. "ಅವತ್ತು ನಿನ್ನ ಕೈ ಸುಟ್ಟಿತ್ತಲ್ಲೇ," ಎಂದ, "ಅದು ಇನ್ನೊಂದ್ಸಲ ಆಗ್ಬಾರ್ದು ಅಂತ..."

"ಅವತ್ತು ನೀವು ಪಾತ್ರೆ ಸರಿಸಿದ್ದು ತಪ್ಪಲ್ಲ. ಹೇಳದೆ ಸರಿಸಿದ್ದು ತಪ್ಪು. ಆಮೇಲೆ ಆರು ವರ್ಷ ಒಂದು ಚಮಚ ಕೂಡ ನನ್ನಿಷ್ಟದ ಕಡೆ ಇಡೋಕೆ ಬಿಡ್ಲಿಲ್ಲ. ಪಾಪ, ಹೆದರಿದಾರೆ ಅಂತ ಸುಮ್ನಿದ್ದೆ. ಈಗ ಇಡೀ ಮನೇನೇ ನನಗೆ ಹೇಳದೆ ಇಟ್ಟಿದೀರಿ." ಅವಳ ದನಿ ಏರಿತು. "ಸೋಮವಾರ ಹತ್ತು ಜನರ ಮುಂದೆ ನಿಂತು, ನಿಮ್ಮ ಮನೆ ನೀವೇ ಜೋಡಿಸ್ಕೊಳ್ಳಿ, ಯಾರಿಗೂ ಬಿಡ್ಬೇಡಿ ಅಂತ ಪಾಠ ಹೇಳ್ಬೇಕು ನಾನು. ಯಾವ ಮುಖ ಇಟ್ಕೊಂಡು ಹೇಳ್ಲಿ?"

ಚಾಲಕ ಮೆಲ್ಲಗೆ ಕಾಗದ ಮುಂದೆ ಹಿಡಿದು, "ಅಕ್ಕಾ, ಸಹಿ..." ಎಂದ.

"ಹಾಕಲ್ಲ. ಸಾಮಾನು ಇನ್ನೂ ಇಳಿದಿಲ್ಲ."

ಮೀಸೆಯವನು ಗಂಟಣ್ಣನ ಮುಖ ನೋಡಿದ. ಚಾಲಕ ಕಾಗದವನ್ನು ಜೇಬಿಗೆ ಸೇರಿಸಿ ಅಂಗಿಯ ತೋಳು ಮಡಚಿದ. "ಆಯ್ತು, ಹೇಳಿ ಅಕ್ಕಾ. ಯಾವುದು ಎಲ್ಲಿಗೆ?"

ಮೊದಲು ಕಿಟಕಿಗೆ ಅಡ್ಡವಾಗಿದ್ದ ರ್ಯಾಕು ಈಚೆಗೆ ಬಂತು, ಆಮೇಲೆ ಅಡ್ಡ ಹಲಗೆ. ಅವಳು ಗೋಡೆಗಳನ್ನು ಮುಟ್ಟಿ, ನಡೆದು, ಹೆಜ್ಜೆ ಎಣಿಸಿ, ಮತ್ತೆ ನಡೆದು, ಒಂದೊಂದನ್ನೇ ಹೇಳಿ ಇಡಿಸಿದಳು. ಒಲೆ ಬಾಗಿಲ ಕಡೆಗೆ ಹೋಯಿತು, ಊಟದ ಮೇಜು ಕಿಟಕಿಯ ಕೆಳಗೆ. ಗಂಟಣ್ಣ ಎರಡು ಸಲ, "ಅಲ್ಲಿ ಬೇಡ ಕಣೇ" ಎಂದ. ಎರಡನೆಯ ಸಲಕ್ಕೆ ಅವಳು ಅವನನ್ನು ಹೊರಗೆ ಕಳಿಸಿದಳು. ಜೀವಮಾನವೆಲ್ಲ ಮನೆ ಜೋಡಿಸಿದವನು ಮೆಟ್ಟಿಲ ಮೇಲೆ ಕೂತು, ತನ್ನ ಮನೆಯೊಳಗೆ ಸಾಮಾನು ಎಳೆಯುವ ಸದ್ದು ಕೇಳಿದ. ಮೊದಲು ಅವಳ ಮೇಲೆ ಸಿಟ್ಟು ಬಂತು, ಆಮೇಲೆ ಲಾರಿಯಮ್ಮನ ಮೇಲೆ. ಕೊನೆಗೆ ಸಿಟ್ಟು ಮಾಡಲು ತನ್ನನ್ನು ಬಿಟ್ಟು ಯಾರೂ ಉಳಿಯಲಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಅವರು ಸಹಿ ಪಡೆದು ಇಳಿದು ಹೋದರು. ಎಡಚ ಹೋಗುವಾಗ ಅವನ ಹೆಗಲು ತಟ್ಟಿದ.

ಗಂಟಣ್ಣ ಒಳಗೆ ಬಂದ. ತಂಗಿ ಮಲಗಿದ್ದಳು. ಹೆಂಡತಿ ತೆರೆದ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು, ಕೆನ್ನೆಗೆ ಬಿಸಿಲು ಬೀಳುವ ಹಾಗೆ ಕೂತಿದ್ದಳು. ಅವಳ ಮುಖದಲ್ಲಿ ಸಿಟ್ಟು ಇನ್ನೂ ಇಳಿದಿರಲಿಲ್ಲ. ಚಹಾ ಮಾಡಿ ಕೊಡೋಣವೆಂದು ಅವನು ನೀರಿಟ್ಟ. ಕೈ ಅಭ್ಯಾಸ ಬಲದಿಂದ ಹಳೆಯ ಜಾಗಕ್ಕೆ ಹೋಯಿತು. ಅಲ್ಲಿ ಬರೀ ಗೋಡೆ. ಒಂದು ಡಬ್ಬಿ ತೆಗೆದ, ಇನ್ನೊಂದು ತೆಗೆದ, ಮೇಲಿನ ಹಲಗೆ, ಕೆಳಗಿನ ಹಲಗೆ ಎಲ್ಲ ತಡಕಾಡಿದ. ನೀರು ಕುದಿಯತೊಡಗಿತು.

"ಸಕ್ಕರೆ ಎಲ್ಲಿಟ್ಟಿದೀಯಾ?"

ಅವಳು ತಿರುಗಲಿಲ್ಲ.

"ನಿಮಗೆ ಕಣ್ಣಿದೆಯಲ್ಲ," ಎಂದಳು, "ಹುಡುಕಿ."